ಶಾಸನ ಎಂಬುದು ಕಣ್ಣಿಗೇ ಕಾಣುತ್ತದೆ

ನಮ್ಮೂರಿನಲ್ಲಿ ಬ್ರಿಟಿಷರ ಕಾಲದ ಕಚೇರಿಯೊಂದನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಸುಣ್ಣದ ಗಾರೆ, ಮಂಗಳೂರು ಹೆಂಚು, ತೇಗದ ಮೆಟ್ಟಿಲು ಎಲ್ಲವೂ ಕಣ್ಣು ತುಂಬುವಂತಿವೆ. ಆದರೆ ಒಳಗಿರುವ ಕಲ್ಲಿನ ಬುಡದಲ್ಲಿ, ಮೊಣಕಾಲಿನ ಎತ್ತರಕ್ಕೆ, ಅಂಗೈಯಗಲದ ಒಂದು ಫಲಕ: ‘ಶಿಲಾಶಾಸನ, 12ನೇ ಶತಮಾನ’. ಅಷ್ಟೇ! ಶಾಸನ ಎಂಬುದು ಕಣ್ಣಿಗೇ ಕಾಣುತ್ತದೆಯಲ್ಲ! ಯಾವ ಊರಿನದು, ಯಾರು ಬರೆಸಿದರು, ಏನು ಹೇಳುತ್ತದೆ? ಕಾವಲುಗಾರರನ್ನು ಕೇಳಿದರೆ ‘ಮುಟ್ಟಬೇಡಿ’ ಎನ್ನುತ್ತಾರೆ. ಪಾಪ, ಅವರಿಗೂ ಯಾರೂ ಹೇಳಿಕೊಟ್ಟಿಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನೇ ತೆಗೆದುಕೊಳ್ಳಿ. ಅದರಲ್ಲಿ ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧವೂ ಇದೆ, ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಕಾದಾಡಿ ಸತ್ತ ಕಥೆಯೂ ಇದೆ. ಅದನ್ನು ಕೇಳಿದ ಯಾವ ಮಗು ಆ ಕಲ್ಲಿನ ಮುಂದೆ ನಿಲ್ಲದೆ ಹೋದೀತು? ಮುಂಬೈಯ ಭಾವು ದಾಜಿ ಲಾಡ್ ಸಂಗ್ರಹಾಲಯ 1872ರದು. ವರ್ಷಗಟ್ಟಲೆ ಕೆಲಸ ನಡೆಸಿ 2008ರಲ್ಲಿ ಮತ್ತೆ ತೆರೆದವರು ಕಟ್ಟಡದ ಜೊತೆಗೆ ಒಳಗಿನ ವಸ್ತುಗಳ ಆರೈಕೆಯನ್ನೂ ಮಾಡಿದ್ದರು.

ಇಲ್ಲಿ ಕಂಬಕ್ಕೆ ಮೆರುಗು ಹಚ್ಚಿಸಿದವರಿಗೆ ನಾಲ್ಕು ಸಾಲು ಕನ್ನಡ ಬರೆಸಲು ಏನು ಕಷ್ಟ? ದಪ್ಪ ಅಕ್ಷರದಲ್ಲಿ ಬರೆಸಲಿ, ಬಗ್ಗದೆ ಓದುವ ಎತ್ತರದಲ್ಲಿ ನಿಲ್ಲಿಸಲಿ.