ಇಲ್ಲಿ ಜಿಂಕೆ ಬೇಕಾ ಅಂತ ಕೇಳ್ತಾರೆ, ಊರಲ್ಲಿ ಚಿಗರಿ ಸಾಕಾ ಅಂತ ಯಾರೂ ಕೇಳಲ್ಲ

ಹೋದ ನವೆಂಬರಿನಲ್ಲಿ, ಇಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ನನ್ನ ಕಾರಿಗೆ ಜಿಂಕೆ ಬಡಿಯಿತು. ನಾನು ಹೋಗಿ ಬಡಿದೆ ಅನ್ನೋದಕ್ಕಿಂತ ಅದೇ ಬಂದು ಬಡಿಯಿತು ಅನ್ನೋದೇ ಸರಿ. ಸಂಜೆ ಐದೂವರೆ, ಆಗಲೇ ಕತ್ತಲು. ಎರಡೂ ಕಡೆ ಕಟಾವಾದ ಗೋವಿನಜೋಳದ ಹೊಲ, ನಡುವೆ ಖಾಲಿ ರಸ್ತೆ. ಬಲಗಡೆಯಿಂದ ಏನೋ ಹಾರಿತು, ಧಡ್ ಅಂತ ಸದ್ದಾಯಿತು, ಅಷ್ಟೆ. ಇಳಿದು ನೋಡಿದರೆ ಹೆಡ್‌ಲೈಟ್ ಪುಡಿ, ಬಾನೆಟ್ಟು ಹಪ್ಪಳದ ಹಾಗೆ ಮಡಚಿಕೊಂಡಿದೆ, ರಸ್ತೆ ಪಕ್ಕದ ಹುಲ್ಲಿನಲ್ಲಿ ಅದು ಸತ್ತು ಬಿದ್ದಿದೆ. ಕೈ ನಡುಗುತ್ತಲೇ ಪೊಲೀಸರಿಗೆ ಫೋನ್ ಮಾಡಿದೆ.

ಬಂದವನು ಚಿಕ್ಕ ಹುಡುಗ. ನಿಮಗೇನೂ ಆಗಿಲ್ಲ ತಾನೆ ಅಂತ ಕೇಳಿ, ಕಾರಿನ ಫೋಟೋ ತೆಗೆದ. ಆಮೇಲೆ ಟಾರ್ಚನ್ನು ಜಿಂಕೆ ಕಡೆ ತಿರುಗಿಸಿ, ಅಂಗಡಿಯವನು ಚೀಲ ಬೇಕಾ ಅಂತ ಕೇಳುವ ಹಾಗೆ, "ಇದು ನಿಮಗೆ ಬೇಕಾ?" ಅಂದ.

ನಮ್ಮದು ತತ್ತಿಯನ್ನೂ ಹೊಸ್ತಿಲೊಳಗೆ ತರದ ಮನೆ. "ಬೇಡಪ್ಪ" ಅಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಅಂದಿರಬೇಕು, ಆದರೂ ಅವನಿಗೆ ತಿಳಿಯಿತು. ಅಷ್ಟರಲ್ಲಿ ಹಿಂದೆ ನಿಂತಿದ್ದ ಪಿಕಪ್‌ನಿಂದ ಒಬ್ಬ ಇಳಿದು ಬಂದು, ಇವರಿಗೆ ಬೇಡ ಅಂದರೆ ನಾನು ಒಯ್ಯಲಾ ಅಂತ ಕೇಳಿದ. ಯಾರಿಗೋ ಒಂದು ಫೋನ್ ಮಾಡಿ ನೋಂದಾಯಿಸಿದ, ಕಾಲು ಹಿಡಿದು ಎಳೆದು ಹಾಕಿಕೊಂಡು ಹೊರಟೇಬಿಟ್ಟ. ಹತ್ತು ನಿಮಿಷದ ಕೆಲಸ. ವಿಸ್ಕಾನ್ಸಿನ್‌ನಲ್ಲಿ ಇದೇ ಪದ್ಧತಿ ಅಂತ ಆಮೇಲೆ ಗೊತ್ತಾಯಿತು. ಕಾರಿಗೆ ಸಿಕ್ಕು ಸತ್ತ ಜಿಂಕೆ ಮೇಲೆ ಮೊದಲ ಹಕ್ಕು ಕಾರಿನವನದು. ಅವನು ಬೇಡ ಅಂದರೆ ಬೇರೆಯವರು ಒಯ್ಯಬಹುದು. ಮೊದಲು ತಿಳಿಸಬೇಕು, ಅಷ್ಟೇ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಿನ ಚಿಂತೆಗಲ್ಲ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ನಮ್ಮೂರ ಬಾವಿಯಲ್ಲಿ ಒಂದು ಚಿಗರಿ, ಅಂದರೆ ಕೃಷ್ಣಮೃಗ, ಬಿದ್ದು ಸತ್ತಿತ್ತು, ಅದು ನೆನಪಾಯಿತು. ನಮ್ಮೂರು ರಾಣೇಬೆನ್ನೂರು ಕಡೆ. ಬೆಳಿಗ್ಗೆ ನೀರು ಹಾಯಿಸಲು ಹೋದವರು ನೋಡಿದರು. ಊರಿಗೆ ಊರೇ ಬಾವಿ ಸುತ್ತ ನಿಂತಿತು. "ಯಾರೂ ಮುಟ್ಟಬ್ಯಾಡ್ರಿ, ಕೇಸ್ ಅಕ್ಕೈತಿ" ಅಂತ ಹಿರಿಯರು ಕೋಲು ಅಡ್ಡ ಹಿಡಿದರು. ಜೀಪು ಬಂದಿದ್ದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಬಾವಿಯ ಮಾಲೀಕ ಬೇವಿನ ಗಿಡದ ಕೆಳಗೆ ಬೆವರುತ್ತಾ ಕೂತಿದ್ದ, ತಾನೇ ತಳ್ಳಿದ್ದೇನೋ ಅನ್ನುವ ಹಾಗೆ. ಪಂಚನಾಮೆಗೆ ಸಹಿ ಹಾಕುವಾಗ ಅವನ ಕೈ ನಡುಗಿದ್ದನ್ನು ನಾನೇ ನೋಡಿದ್ದೇನೆ.

ಹೆದರಿಕೆಗೆ ಕಾರಣ ಇತ್ತು. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಹುಲಿ, ಆನೆಯ ಜೊತೆ ನಮ್ಮ ಚಿಗರಿಯೂ ಇದೆ. ಕೊಂದರೆ 3ರಿಂದ 7 ವರ್ಷ ಜೈಲು. ಇನ್ನೂ ಒಂದು ಮಾತಿದೆ, ಅದು ನಮ್ಮ ರೈತರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಬೆಳೆ ಹಾಳು ಮಾಡುತ್ತಿದೆ ಅನ್ನೋ ಕಾರಣಕ್ಕೆ ಕಾಡುಹಂದಿ ಹೊಡೆಯಲು ಅನುಮತಿ ಕೊಡುವ ದಾರಿ ಅದೇ ಕಾಯ್ದೆಯಲ್ಲಿದೆ. ಚಿಗರಿಗೆ ಆ ದಾರಿಯೂ ಇಲ್ಲ. ಮನುಷ್ಯರ ಜೀವಕ್ಕೆ ಅಪಾಯ ಇರಬೇಕು, ಇಲ್ಲವೇ ಅದಕ್ಕೆ ವಾಸಿಯಾಗದ ರೋಗವೋ ಗಾಯವೋ ಆಗಿರಬೇಕು. ಹೆಸರಿನ ಎಳೆ ಸಸಿ ತಿನ್ನುವ ಚಿಗರಿಯಿಂದ ಯಾರ ಜೀವಕ್ಕೆ ಅಪಾಯ ಹೇಳಿ? ನಮ್ಮ ಕಾಕಾನ ಬಿ.ಪಿ. ಏರುತ್ತದೆ, ಅದು ಲೆಕ್ಕಕ್ಕಿಲ್ಲ.

ಕಾಕಾಗೆ ಆರು ಎಕರೆ ಎರಿ ಹೊಲ. ಮುಂಗಾರಿಗೆ ಹೆಸರು, ಗೋವಿನಜೋಳ, ಹಿಂಗಾರಿಗೆ ಕಡಲೆ. ಮೊಳಕೆ ಬಂದು ಎರಡೆಲೆ ಬಿಡುವುದೇ ತಡ, ಇಪ್ಪತ್ತು ಮೂವತ್ತರ ಹಿಂಡು ಬರುತ್ತದೆ. ತಿನ್ನುವುದಕ್ಕಿಂತ ತುಳಿಯುವುದೇ ಜಾಸ್ತಿ. ಕಾಕಾ ಹೊಲದ ಸುತ್ತ ಚಿಗವ್ವನ ಹಳೆ ಸೀರೆ ಕಟ್ಟಿದ್ದಾನೆ. ತಗಡು ಬಡಿಯುತ್ತಾನೆ, ಪಟಾಕಿ ಹೊಡೆಯುತ್ತಾನೆ. ಮೊದಲ ವಾರ ಹೆದರುತ್ತವೆ, ಎರಡನೇ ವಾರ ಸೀರೆ ಪಕ್ಕದಲ್ಲೇ ನಿಂತು ಮೇಯುತ್ತವೆ. ಹೋದ ವರ್ಷ ಸೀಗಿ ಹುಣ್ಣಿಮೆಗೆ, ಹೊಲಕ್ಕೆ ಚರಗ ಅಂತ ಎಡೆ ಚೆಲ್ಲುವ ಹಬ್ಬಕ್ಕೆ, ವಿಡಿಯೋ ಕಾಲ್ ಮಾಡಿದಾಗ ಅಂದ, "ತಮ್ಮಾ, ನಾವು ಚರಗ ಚೆಲ್ಲೂದು ವರ್ಷಕ್ಕ ಒಂದ ಸಲ. ಈ ಚಿಗರಿಗೆ ದಿನಾ ಚರಗನ."

ಪರಿಹಾರ ಇದೆಯಲ್ಲ ಅಂತೀರಾ? ಇದೆ. ಉತಾರ, ಆಧಾರ್, ಪಾಸ್‌ಬುಕ್, ಹಾಳಾದ ಬೆಳೆಯ ಫೋಟೋ ಎಲ್ಲ ಹಿಡಿದುಕೊಂಡು ಕಾಕಾ ಒಂದು ಕಚೇರಿಗೆ ಮೂರು ಸಲ ಹೋದ. ಹೊಲ ನೋಡಲು ಜನ ಬಂದಾಗ ಅವನು ಅದನ್ನು ಹರಗಿ ಮತ್ತೆ ಬಿತ್ತಿದ್ದ. ಎಲ್ಲಿದೆ ಹಾನಿ ಅಂತ ಕೇಳಿದರಂತೆ. ಹದ ತಪ್ಪಿದ ಮೇಲೆ ಬಿತ್ತೋಕೆ ಆಗುತ್ತಾ? ಭೂಮಿ ಇವರಿಗಾಗಿ ಕಾಯುತ್ತಾ? ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತದೆ ನನಗೆ.

ಈಗ ಇಲ್ಲಿಯ ಕಥೆ. ಇಲ್ಲಿ ನವೆಂಬರ್ ಕೊನೆಯಲ್ಲಿ ಒಂಬತ್ತು ದಿನ ಬಂದೂಕಿನ ಬೇಟೆ ಸೀಸನ್. ಆಫೀಸು ಅರ್ಧ ಖಾಲಿ. ಐದಾರು ಲಕ್ಷ ಜನ ಲೈಸೆನ್ಸ್ ತೆಗೆದುಕೊಂಡು ಕಿತ್ತಳೆ ಬಣ್ಣದ ಜಾಕೀಟು ಹಾಕಿ ಕಾಡಿಗೆ ಹೋಗುತ್ತಾರೆ. ಒಂಬತ್ತೇ ದಿನದಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಜಿಂಕೆ ಬೀಳುತ್ತವೆ. ನಮ್ಮ ಪಕ್ಕದ ಮನೆ ಅಜ್ಜ, ನಿವೃತ್ತ ಬಸ್ ಡ್ರೈವರ್, ಕೈಯಲ್ಲಿ ಟ್ಯಾಗ್, ಅಂದರೆ ಒಂದು ಜಿಂಕೆ ಹೊಡೆಯಲು ಕೊಡುವ ಅನುಮತಿ ಚೀಟಿ, ಇಲ್ಲದೆ ಬಂದೂಕು ಮುಟ್ಟಲ್ಲ. 1973ರಲ್ಲಿ ಅಥವಾ ಆಮೇಲೆ ಹುಟ್ಟಿದವರಾದರೆ ಮೊದಲು ಬೇಟೆಯ ತರಬೇತಿ ಪಾಸಾಗಬೇಕು. ಹೊಡೆದಿದ್ದನ್ನು ಮರುದಿನ ಸಂಜೆ 5ರೊಳಗೆ ನೋಂದಾಯಿಸಬೇಕು. ಮಾಂಸ ಮಾರುವ ಹಾಗಿಲ್ಲ, ತಿನ್ನಬೇಕು ಇಲ್ಲವೇ ದಾನ ಕೊಡಬೇಕು.

ಆದರೆ ನನಗೆ ಹೊಟ್ಟೆಕಿಚ್ಚಾಗಿದ್ದು ಬಂದೂಕು ನೋಡಿ ಅಲ್ಲ, ಒಂದು ಮೀಟಿಂಗ್ ನೋಡಿ. ಕಾರಿನ ಕಥೆ ಕೇಳಿದ ಅಜ್ಜ, ಏಪ್ರಿಲ್‌ನಲ್ಲಿ ಬಾ ತೋರಿಸ್ತೀನಿ ಅಂತ ಕರೆದುಕೊಂಡು ಹೋದ. ಇಲ್ಲಿ ಒಂದೊಂದು ಕೌಂಟಿಗೂ, ನಮ್ಮ ಜಿಲ್ಲೆ ಇದ್ದ ಹಾಗೆ, ಜಿಂಕೆಯ ಸಲಹಾ ಸಮಿತಿ ಇದೆ, 2014ರಿಂದ. ಅದರಲ್ಲಿ ರೈತರಿಗೆ ಒಂದು ಕುರ್ಚಿ, ಬೇಟೆಗಾರರಿಗೆ ಒಂದು, ಅರಣ್ಯದವರಿಗೆ, ಪ್ರವಾಸದವರಿಗೆ, ರಸ್ತೆ ಸಾರಿಗೆಯವರಿಗೂ ಒಂದು. ಯಾರು ಬೇಕಾದರೂ ಹೋಗಿ ಕೂರಬಹುದು. ಅವರು ಮಾತಾಡುವುದು ಒಂದೇ ವಿಷಯ. ನಮ್ಮ ಕೌಂಟಿಯಲ್ಲಿ ಜಿಂಕೆ ಜಾಸ್ತಿ ಆಗಬೇಕಾ, ಇದ್ದಷ್ಟೇ ಇರಬೇಕಾ, ಕಡಿಮೆ ಆಗಬೇಕಾ? ಕಡಿಮೆ ಆಗಬೇಕು ಅಂದರೆ ಹೆಣ್ಣು ಜಿಂಕೆಗೆ ಎಷ್ಟು ಟ್ಯಾಗ್ ಕೊಡಬೇಕು? ಗಂಡು ಎಷ್ಟು ಹೊಡೆದರೂ ಹಿಂಡು ಇಳಿಯಲ್ಲ, ಹೆಣ್ಣಿನ ಮೇಲೆಯೇ ಲೆಕ್ಕ.

ಹದಿನೈದಿಪ್ಪತ್ತು ಜನ ಇದ್ದರು. ಮೂಲೆಯಲ್ಲಿ ಕಾಫಿ ಕೆಟ್ಲು, ಒಣಗಿದ ಕುಕೀಸು. ಎದ್ದು ನಿಂತ ಒಬ್ಬ ರೈತ, ಟೋಪಿಯನ್ನು ಕೈಯಲ್ಲಿ ತಿರುಚುತ್ತಾ, ಕಾಡಿನಂಚಿನ ಸೋಯಾಬೀನ್ ಸಾಲು ಸಾಲೇ ಹೋಗುತ್ತಿದೆ ಅಂದ. ಥೇಟ್ ಕಾಕಾ. ಮುಖ ಬೇರೆ, ಭಾಷೆ ಬೇರೆ, ಸಂಕಟ ಅದೇ. ಹಿಂದಿನ ಸಾಲಿನ ಬೇಟೆಗಾರ, ನನಗೆ ಹೋದ ವರ್ಷ ಒಂದೂ ಕಾಣಲಿಲ್ಲ, ಟ್ಯಾಗ್ ಜಾಸ್ತಿ ಕೊಡಬೇಡಿ ಅಂದ. ಸ್ವಲ್ಪ ಜಗಳವೂ ಆಯಿತು. ಕೊನೆಗೆ ಕೈ ಎತ್ತಿಸಿ ಎಣಿಸಿದರು, ಬರೆದುಕೊಂಡರು. ಕೊನೆಯ ತೀರ್ಮಾನ ಮೇಲಿನವರದೇ, ಆದರೂ ಆ ಟೋಪಿಯವನ ಮಾತು ಕಾಗದದಲ್ಲಿ ಉಳಿಯಿತು.

ಹಾವೇರಿ ಜಿಲ್ಲೆಯಲ್ಲಿ ಎಷ್ಟು ಚಿಗರಿ ಇರಬೇಕು ಅಂತ ನಮ್ಮ ಕಾಕಾನನ್ನು ಯಾರಾದರೂ ಯಾವತ್ತಾದರೂ ಕೇಳಿದ್ದಾರಾ? ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಬಸ್ಸಿಗೆ ಚಿಗರಿ ಅಂತ ಹೆಸರಿಡೋಕೆ ಮಾತ್ರ ನೆನಪಾಯಿತು. ರಜೆಗೆ ಹೋದಾಗ ಕಾಕಾನನ್ನು ಆ ಬಸ್ಸಿನಲ್ಲಿ ಕೂರಿಸಿಕೊಂಡು ಧಾರವಾಡಕ್ಕೆ ಹೋಗಿದ್ದೆ. ಎ.ಸಿ. ಗಾಳಿಗೆ ರುಮಾಲು ಬಿಗಿ ಮಾಡಿಕೊಂಡು ಅಂದ, "ಇದೊಂದ ಚಿಗರಿ ನೋಡಪಾ, ಹೊಲಕ್ಕ ಬರಂಗಿಲ್ಲ."

ಸರಿ, ಇಷ್ಟು ಬೈದ ಮೇಲೆ ಕೆಲವು ಮಾತು ಒಪ್ಪಿಕೊಳ್ಳಬೇಕು. ಮನಸ್ಸಿಲ್ಲ, ಆದರೂ.

ನಮ್ಮ ಚಿಗರಿ ಇಲ್ಲಿಯ ಜಿಂಕೆಯಲ್ಲ. ಇಲ್ಲಿಯ ಜಿಂಕೆಯ ಕೊಂಬು ವರ್ಷಾ ವರ್ಷ ಉದುರಿ ಮತ್ತೆ ಬರುತ್ತದೆ, ಚಿಗರಿಯದು ಒಮ್ಮೆ ಬಂದರೆ ಸಾಯುವತನಕ. ಎರಡೂ ಬೇರೆ ಕುಲ. ಇಲ್ಲಿ ಇರುವುದು ಲಕ್ಷಗಟ್ಟಲೆ. ಒಂದು ಕಾಲಕ್ಕೆ ಇಲ್ಲಿಯೂ ಹೊಡೆದು ಹೊಡೆದು ಖಾಲಿ ಮಾಡಿದ್ದರು, ಆಮೇಲೆ ಕಾನೂನು ಬಿಗಿ ಮಾಡಿ, ಬಂದೂಕು ಮತ್ತು ಗುಂಡಿನ ಮೇಲಿನ ತೆರಿಗೆಯನ್ನು 1937ರಲ್ಲಿ ವನ್ಯಜೀವಿಗಳಿಗೆ ಅಂತ ಮೀಸಲಿಟ್ಟು, ಆ ದುಡ್ಡನ್ನೂ ಹಾಕಿ ಮತ್ತೆ ಬೆಳೆಸಿದರು. ತೋಳಗಳನ್ನು ಮುಗಿಸಿದ್ದರಿಂದಲೂ ಜಿಂಕೆ ಹೆಚ್ಚಾದವು, ಅದನ್ನು ಹೇಳುವಾಗ ಅಜ್ಜ ಸ್ವಲ್ಪ ಗೊಣಗುತ್ತಾನೆ. ನಮ್ಮಲ್ಲೂ ಬಂದೂಕಿನವರು ಚಿಗರಿಯನ್ನು ಬಹುಪಾಲು ಮುಗಿಸಿದ್ದರು. 1972ರ ಕಾಯ್ದೆ ಬಂದು, 1974ರಲ್ಲಿ ರಾಣೇಬೆನ್ನೂರಿನಲ್ಲಿ 119 ಚದರ ಕಿಲೋಮೀಟರ್ ಅಭಯಾರಣ್ಯ ಆಗದೇ ಹೋಗಿದ್ದರೆ ನಾನು ಚಿಗರಿಯನ್ನು ಬಸ್ಸಿನ ಮೇಲೆ ಮಾತ್ರ ನೋಡುತ್ತಿದ್ದೆ. ಅಲ್ಲಿ ಬಹಳ ಕಡೆ ನೀಲಗಿರಿ ಗಿಡ ನೆಟ್ಟರು. ಚಿಗರಿಗೆ ಬೇಕಾದ್ದು ಬಯಲು, ಹುಲ್ಲು. ನೀಲಗಿರಿ ಕೆಳಗೆ ಏನು ತಿನ್ನಬೇಕು? ಕಾಕಾನ ಹೊಲಕ್ಕೇ ಬರಬೇಕು.

ಇಲ್ಲಿಯದೂ ಎಲ್ಲ ಸರಿಯಿಲ್ಲ. 2002ರಿಂದ ಇಲ್ಲಿಯ ಜಿಂಕೆಗೆ ಸಿ.ಡಬ್ಲ್ಯು.ಡಿ. ಅನ್ನೋ ರೋಗ ಹತ್ತಿದೆ, ಮಿದುಳಿನದು, ಸೊರಗಿ ಸೊರಗಿ ಸಾಯುತ್ತವೆ. ಇಷ್ಟು ಸಮಿತಿ, ಇಷ್ಟು ಟ್ಯಾಗ್ ಇದ್ದೂ ನಿಂತಿಲ್ಲ. ಅಜ್ಜ ಹೊಡೆದ ಜಿಂಕೆಯ ತಲೆಯನ್ನು ಚೀಲದಲ್ಲಿ ಕಟ್ಟಿ, ಚೀಟಿ ಬರೆದು, ಅದಕ್ಕಂತಲೇ ಇಟ್ಟಿರುವ ದೊಡ್ಡ ಡಬ್ಬಿಯಲ್ಲಿ ಹಾಕಿ ಬರುತ್ತಾನೆ. ರಿಪೋರ್ಟ್ ಬರುವ ತನಕ ಮಾಂಸ ಫ್ರಿಜ್ಜಿನಲ್ಲಿ ಗಟ್ಟಿ.

ಮತ್ತೆ ಬಂದೂಕು? ನಮ್ಮೂರಲ್ಲಿ ಬದುವಿನ ಜಗಳ ಎಷ್ಟಿವೆ ಅಂತ ನನಗೆ ಗೊತ್ತು. ಕೈಗೆ ಕೊಟ್ಟರೆ ಮೊದಲು ಬೀಳೋದು ಚಿಗರಿ ಅಲ್ಲ.

ಕಾಕಾನನ್ನೇ ಕೇಳಿದೆ, ಅನುಮತಿ ಕೊಟ್ಟರೆ ಹೊಡೀತೀಯಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಛೆ, ಯಾಕ ಹೊಡೀಲಿ. ಮುಂಜಾನೆ ಮರಿ ಕಟಗೊಂಡು ನಿಂತಿರ್ತಾವ. ತಿನ್ನೂದು ಬ್ಯಾಡ ಅಂತ ಯಾರರ ಹೇಳಿದ್ರ ಸಾಕಿತ್ತು." ಹೀಗಂದರೆ ನಾನು ಏನು ವಾದ ಮಾಡಲಿ?

ಅವನಿಗೆ ಆ ಮೀಟಿಂಗಿನ ಸುದ್ದಿ ಬಹಳ ಹಿಡಿಸಿತು. ಕುರ್ಚಿ ಎಷ್ಟು, ರೈತ ಏನಂದ, ಚಹಾ ಕೊಟ್ಟರಾ, ಎಲ್ಲ ಕೇಳಿದ. ಆಮೇಲೆ ಕೇಳಿದ, "ನೀ ಏನ್ ಹೇಳಿದಿ?"

ನಾನು ಏನೂ ಹೇಳಲಿಲ್ಲ, ಹಿಂದೆ ಕೂತಿದ್ದೆ ಅಂದೆ.

"ಅಷ್ಟ ದೂರ ಹೋಗಿ ಸುಮ್ನ ಕುಂತ ಬಂದೇನ? ನಮ್ಮ ಗ್ರಾಮಸಭಾಕ್ಕ ನಾ ಹೋಗಿ ಬಂದಂಗ ಆತು ಬಿಡು."

ಅಷ್ಟರಲ್ಲಿ ಅವನ ಹಿಂದೆ ಯಾರೋ ತಗಡು ಬಡಿಯುವ ಸದ್ದು ಕೇಳಿತು. "ಬಂದೂವು ನೋಡು, ಇಡ್ತೇನಿ" ಅಂದ. ಪರದೆ ಮೇಲೆ ಒಂದು ಕ್ಷಣ ಟಾರ್ಚಿನ ಬೆಳಕು, ಕತ್ತಲಲ್ಲಿ ಜೋಡಿ ಜೋಡಿ ಕಣ್ಣು ಕಂಡವು. ಫೋನ್ ಕಟ್ಟಾಯಿತು.