ಕೆಟ್ಟ ಸುದ್ದಿ ಮೊದಲು ಯಾರಿಗೆ ಹೋಗುತ್ತೆ?

ಕೊಪ್ಪಳದ ನಮ್ಮ ಸೈಟಿಗೆ ಹೊಸದಾಗಿ ಸೇರಿದ ಹುಡುಗ ಮೊನ್ನೆ ಒಗ್ಗರಣಿ-ಮಿರ್ಚಿ ತಿನ್ನುತ್ತಾ ಕೇಳಿದ, "ಸರ, ಪ್ರಾಜೆಕ್ಟ್ ಮ್ಯಾನೇಜರ್ ಆಗಬೇಕಂದ್ರ ಯಾವ ಕೋರ್ಸ್ ಮಾಡಬೇಕ್ರಿ?" ಪಿಎಂಪಿ ಅನ್ನೋ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಮಾಡು, ಶೆಡ್ಯೂಲ್ ಹಾಕೋ ಪ್ರೈಮಾವೆರಾ ಸಾಫ್ಟ್‌ವೇರ್ ಕಲಿ ಅಂದೆ. ಅವನು ಮೊಬೈಲಲ್ಲಿ ಬರೆದುಕೊಂಡ. ಹೇಳಬೇಕಾದ ಅಸಲಿ ಮಾತು ಬಾಯಲ್ಲೇ ಉಳಿಯಿತು. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಜನ ಯಾರ ಹತ್ರ ಹೆದರದೆ ಕೆಟ್ಟ ಸುದ್ದಿ ಹೇಳ್ತಾರೋ ಅವರೇ ಒಳ್ಳೆ ಮ್ಯಾನೇಜರ್. ಉಳಿದ ಗುಣಗಳೆಲ್ಲ ಆಮೇಲೆ.

ನಾನು ಕೆಲಸ ಕಲಿತದ್ದು ಬಳ್ಳಾರಿ ಕಡೆಯ ಒಂದು ಫ್ಯಾಕ್ಟರಿ ಸೈಟಿನಲ್ಲಿ, ಪ್ಲಾನಿಂಗ್ ಹುಡುಗನಾಗಿ. ಅಲ್ಲಿನ ಸಾಹೇಬರು ಬಲು ಬುದ್ಧಿವಂತರು. ಡ್ರಾಯಿಂಗ್ ಮೇಲೆ ಒಮ್ಮೆ ಕಣ್ಣಾಡಿಸಿದರೆ ತಪ್ಪು ಹಿಡಿಯುತ್ತಿದ್ದರು. ಆದರೆ ಸೋಮವಾರದ ಮೀಟಿಂಗಲ್ಲಿ ಯಾರಾದರೂ "ತಡ ಆಗತೈತ್ರಿ" ಅಂದರೆ ಮುಗೀತು, ಎಲ್ಲರೆದುರು ಅವನ ನೀರಿಳಿಸುತ್ತಿದ್ದರು. ಎರಡೇ ತಿಂಗಳಲ್ಲಿ ನಾವು ಜಾಣರಾದೆವು. ಕೆಲಸದ ಚಾರ್ಟಿನಲ್ಲಿ ತಡ ಅಂತ ಕೆಂಪು ಇದ್ದದ್ದನ್ನು ಭಾನುವಾರ ರಾತ್ರಿ ಕೂತು ನಾನೇ ಹಳದಿ ಮಾಡುತ್ತಿದ್ದೆ. ಆ ಹಳದಿ ಮುಂದಿನ ವಾರ ಹಸಿರಾಗುತ್ತಿತ್ತು. ಪೈಪು ಬಂದಿಲ್ಲ ಅನ್ನೋದು ಸ್ಟೋರ್ ಕೀಪರ್‌ಗೆ ಗೊತ್ತು, ಫೋರ್‌ಮನ್‌ಗೆ ಗೊತ್ತು, ಗೇಟಿನ ಚಹಾದಂಗಡಿಯವನಿಗೂ ಗೊತ್ತು. ಸಾಹೇಬರಿಗೆ ಗೊತ್ತಾದದ್ದು ಮಾತ್ರ ಮಾಲೀಕರು ಸೈಟಿಗೆ ಬಂದ ದಿನ.

ಆಮೇಲೆ ಕಾರಟಗಿ ಹತ್ತಿರ ಒಂದು ರೈಸ್ ಮಿಲ್ಲಿನ ಶೆಡ್ ಕೆಲಸಕ್ಕೆ ಹೋದೆ. ಅಲ್ಲಿ ಒಂದು ಬೆಳಗ್ಗೆ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದ. "ಸರ, ನಾಲ್ಕು ಪೆಡೆಸ್ಟಲ್‌ದಾಗ ಬೋಲ್ಟ್ ಸರಿದಾವು. ಸಾಹೇಬ್ರಿಗೆ ನೀವ ಹೇಳ್ರಿ." ಪೆಡೆಸ್ಟಲ್ ಅಂದರೆ ಕಂಬ ನಿಲ್ಲೋ ಕಾಂಕ್ರೀಟ್ ಪೀಠ. ಹಿಂದಿನ ರಾತ್ರಿ ಕಾಂಕ್ರೀಟ್ ಹಾಕುವಾಗ, ಬೋಲ್ಟುಗಳನ್ನು ಜಾಗದಲ್ಲಿ ಹಿಡಿದಿಡೋ ಟೆಂಪ್ಲೇಟ್ ಜರುಗಿತ್ತು. ಕಂಬದ ಕೆಳಗಿನ ಪ್ಲೇಟ್ ಆ ಬೋಲ್ಟಿಗೆ ಕೂರೋದಿಲ್ಲ. ನನ್ನ ಹೊಟ್ಟೆಯಲ್ಲಿ ಹಳೇ ಸೋಮವಾರದ ನಡುಕ.

ಮ್ಯಾನೇಜರ್ ಬಂದರು. ಮಾತೇ ಇಲ್ಲ. ಪ್ಯಾಂಟ್ ಮೇಲೆ ಎಳೆದುಕೊಂಡು ಕುಕ್ಕುರುಗಾಲಲ್ಲಿ ಕೂತು, ಮೇಸ್ತ್ರಿ ಕೈಯಿಂದ ಟೇಪ್ ಇಸಕೊಂಡು ತಾವೇ ಅಳೆದರು. ಒಂದರಲ್ಲಿ 18 ಎಂಎಂ, ಇನ್ನೊಂದರಲ್ಲಿ 12. ಸಿಗರೇಟ್ ಪ್ಯಾಕಿನ ಮೇಲೆ ಬರೆದುಕೊಂಡರು. ಆಮೇಲೆ ಮೇಸ್ತ್ರಿಗೆ, "ಇವತ್ತ ಹೇಳಿದ್ದು ಛಲೋ ಆತು. ಕ್ರೇನ್ ಬರಾಕ ಇನ್ನೂ ಒಂಬತ್ತು ದಿನ ಐತಿ." ಅಲ್ಲೇ ನಿಂತು ಡಿಸೈನರ್‌ಗೆ ಫೋನ್ ಮಾಡಿದರು. ಎರಡಕ್ಕೆ ಪ್ಲೇಟಿನ ತೂತು ಉದ್ದ ಮಾಡಿ ದಪ್ಪ ವಾಷರ್ ವೆಲ್ಡ್ ಮಾಡೋದು, ಇನ್ನೆರಡನ್ನು ಒಡೆದು ಮತ್ತೆ ಹಾಕೋದು ಅಂತ ತೀರ್ಮಾನ ಆಯಿತು. ಕ್ರೇನ್ ಬಂದ ಮೇಲೆ ಗೊತ್ತಾಗಿದ್ದರೆ? ಬಾಡಿಗೆ ಸುಮ್ನೆ ಏರುತ್ತಾ ಹೋಗುತ್ತಿತ್ತು.

ಅವರೇನು ದೇವರಲ್ಲ. ಮಧ್ಯಾಹ್ನ ಸ್ಟೋರಿನ ಹಿಂದೆ ನನ್ನೊಬ್ಬನನ್ನೇ ಕರೆದು, "ಟೆಂಪ್ಲೇಟ್ ಯಾಕ ಬಿಗಿ ಮಾಡಿಸಲಿಲ್ಲ?" ಅಂತ ಚೆನ್ನಾಗಿ ತೊಳೆದರು. ಬೈಗುಳ ಬಂತು, ಆದರೆ ಕೆಲಸ ದಾರಿಗೆ ಬಂದ ಮೇಲೆ ಬಂತು. ಆ ವ್ಯತ್ಯಾಸ ದೊಡ್ಡದು.

ಅವರಲ್ಲಿ ಇನ್ನೊಂದು ಗುಣ ಇತ್ತು, ಕೆಲಸದವರನ್ನೇ ಕೇಳೋದು. ಕೊಪ್ಪಳದ ಒಂದು ಕೆಲಸಕ್ಕೆ ಬೆಂಗಳೂರಿನಿಂದ ಬಂದ ಶೆಡ್ಯೂಲಿನಲ್ಲಿ ಗವಿಮಠದ ತೇರಿನ ದಿನವೇ ಸ್ಲ್ಯಾಬ್ ಅಂತ ಇತ್ತು. ಅವತ್ತು ಗೌಂಡಿ ಎಲ್ಲಿ ಸಿಗ್ತಾನ್ರೀ, ಅಜ್ಜನ ಜಾತ್ರೆಯಲ್ಲಿ ಇರ್ತಾನೆ! ಮೇಸ್ತ್ರಿಯನ್ನೇ ಕೇಳಿ ತಾರೀಖು ಬದಲಿಸಿದರು.

ಕೆಟ್ಟ ಸುದ್ದಿಯ ಮಾತು ಬಂದಾಗೆಲ್ಲ ನನಗೆ ತುಂಗಭದ್ರಾ ಡ್ಯಾಮ್ ನೆನಪಾಗುತ್ತೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸೋಕೆ ಉಳಿದ ಗೇಟುಗಳನ್ನೂ ತೆರೆದರು. ನಮ್ಮ ಕಡೆಯ ರೈತರ ಎದೆ ಡವಡವ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯೋ ನೀರಲ್ಲೇ ಸ್ಟಾಪ್ ಲಾಗ್, ಅಂದರೆ ಗೇಟಿನ ಜಾಗ ಮುಚ್ಚೋ ಉಕ್ಕಿನ ತುಂಡುಗಳನ್ನು, ಇಳಿಸೋ ಕೆಲಸ. ಮೊದಲ ಪ್ರಯತ್ನದಲ್ಲಿ ಕೂರಲಿಲ್ಲ. ಇಡೀ ರಾಜ್ಯ ಟಿವಿ ನೋಡ್ತಾ ಇತ್ತು, ಮುಚ್ಚಿಡೋಕೆ ಜಾಗವೇ ಇಲ್ಲ. ಅಡ್ಡ ಬಂದದ್ದನ್ನು ತೆಗೆದು ಮತ್ತೆ ಇಳಿಸಿದರು. 17ರ ಹೊತ್ತಿಗೆ ಐದೂ ತುಂಡು ಕೂತವು. 'ಕೂರಲಿಲ್ಲ' ಅನ್ನೋದು ಅವತ್ತೇ ಎಲ್ಲರಿಗೂ ಗೊತ್ತಾಗಿದ್ದು ಎಷ್ಟು ಒಳ್ಳೇದಾಯ್ತು ಅಲ್ವಾ? ನಮ್ಮ ಸೈಟುಗಳಲ್ಲಾದರೆ ಚಾರ್ಟು ಹಳದಿ ಆಗಿರುತ್ತಿತ್ತು.

ಈಗ ನಾನೇ ಮ್ಯಾನೇಜರ್. ಹೋದ ತಿಂಗಳು, 40 ಡಿಗ್ರಿ ಬಿಸಿಲಲ್ಲಿ ನೆತ್ತಿ ಕಾದಿದ್ದಾಗ, ವೆಲ್ಡರ್ ಒಬ್ಬ "ಸರ, ಜಾಯಿಂಟ್ ಒಂದು ಬಿರುಕು ಬಿಟ್ಟೈತಿ" ಅಂದ. ನಾನು ಎಲ್ಲರೆದುರು ಕೂಗಾಡಿಬಿಟ್ಟೆ. ಥೇಟ್ ಬಳ್ಳಾರಿ ಸಾಹೇಬರ ಹಾಗೆ. ಸಂಜೆ ಹೋಗಿ "ತಪ್ಪಾತಪ್ಪಾ" ಅಂದೆ. "ಇರ್ಲಿ ಬಿಡ್ರಿ ಸರ" ಅಂದ.

ಆಮೇಲಿಂದ ಅವನು ಏನಾದರೂ ಆದರೆ ಮೊದಲು ಸ್ಟೋರ್ ಕೀಪರ್‌ಗೆ ಫೋನ್ ಮಾಡ್ತಾನೆ. ನನಗಲ್ಲ.