ನೆನಪಿನ ಕ್ಯಾಪ್ಸೂಲ್ ತರುವ ಮೊದಲು ಮನೆಯ ಮಾತ್ರೆ ಡಬ್ಬ ತೆರೆದು ನೋಡಿ

ಶಿರಸಿ ಪೇಟೆಯ ಔಷಧ ಅಂಗಡಿಗಳಲ್ಲಿ ನೆನಪಿನ ಶಕ್ತಿಯ ಕ್ಯಾಪ್ಸೂಲ್‌ಗಳು ಈಗ ಕಣ್ಣಿಗೆ ಬೀಳುವ ಸಾಲಿನಲ್ಲೇ ಇರುತ್ತವೆ. "ಆಯಿಗೆ ಮರೆವು ಜಾಸ್ತಿಯಾಗಿದೆ, ಏನಾದರೂ ಒಳ್ಳೆಯದು ಕೊಡಿ" ಎಂದು ಕೇಳುವ ಮಗ, ಆಯಿ ಈಗಾಗಲೇ ಏನೇನು ನುಂಗುತ್ತಿದ್ದಾರೆ ಎಂದು ಹೇಳುವುದಿಲ್ಲ. ಅಂಗಡಿಯವರೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ. ಎಷ್ಟೋ ಹಿರಿಯರ ಮಂಕುತನಕ್ಕೆ ಅವರು ದಿನವೂ ನುಂಗುವ ಮಾತ್ರೆಗಳೇ ಕಾರಣವಾಗಿರುತ್ತವೆ. ನಾವು ಮಾತ್ರ ಅರವತ್ತಕ್ಕೆ ಅರಳುಮರಳು ಎಂದು ಕೈತೊಳೆದುಕೊಳ್ಳುತ್ತೇವೆ.

ನಮ್ಮ ಜಿಲ್ಲೆಯಲ್ಲಿ ಇದು ಹೆಚ್ಚು ಕಾಡುವುದಕ್ಕೆ ಕಾರಣವಿದೆ. ಹೃದಯಕ್ಕೆ ಮಣಿಪಾಲ, ಮೂಳೆಗೆ ಹುಬ್ಬಳ್ಳಿ, ಕಾರವಾರದ ಕಡೆಯವರಾದರೆ ಗೋವಾ, ಜ್ವರ ನೆಗಡಿಗೆ ಊರಿನ ಡಾಕ್ಟರು. ಒಬ್ಬೊಬ್ಬರದು ಒಂದೊಂದು ಚೀಟಿ. ಆ ಚೀಟಿಗಳನ್ನೆಲ್ಲ ಒಂದೇ ಮೇಜಿನ ಮೇಲೆ ಹರಡಿ ನೋಡುವವರು ಯಾರೂ ಇಲ್ಲ.

ನಮ್ಮ ದೊಡ್ಡಾಯಿಯ ಮಾತ್ರೆಗಳು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿದ್ದವು. ಅಂಗಡಿಯವರು ಕತ್ತರಿಸಿ ಕೊಟ್ಟ ತುಂಡುಗಳಲ್ಲಿ ಅರ್ಧಕ್ಕೆ ಹೆಸರೇ ಇರಲಿಲ್ಲ. ರಾತ್ರಿಯ ಮಾತ್ರೆಗಳ ಗುರುತಿಗೆ ಕೆಂಪು ನೂಲು ಸುತ್ತಿದ್ದರು. ಒಂದೊಂದಾಗಿ ಬಿಡಿಸಿದಾಗ ಸಿಕ್ಕಿದ್ದು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸ್‌ಗೆ ಪ್ಯಾಂಟೊಪ್ರಜೋಲ್, ನಿದ್ದೆಗೆ ಆಲ್‌ಪ್ರಜೋಲಮ್, ಮಳೆಗಾಲದ ಶೀತಕ್ಕೆಂದು ತಂದು ಆಮೇಲೂ ಬಿಡದ ಕ್ಲೋರ್‌ಫೆನಿರಮಿನ್. ಮಧ್ಯಾಹ್ನವಿಡೀ ಜಗಲಿಯಲ್ಲಿ ತೂಕಡಿಸುತ್ತಿದ್ದ, ಬಂದ ನೆಂಟರನ್ನು ಮತ್ತೆ ಮತ್ತೆ "ಯಾವಾಗ ಬಂದೆ?" ಎಂದು ಕೇಳುತ್ತಿದ್ದ ದೊಡ್ಡಾಯಿ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದುದು ಇಷ್ಟು.

ಇವುಗಳ ಕೆಲಸ ನೋಡಿ. ನೆನಪಿಗೂ ಗಮನಕ್ಕೂ ಮೆದುಳು ಆಸೆಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ನೆಚ್ಚಿಕೊಂಡಿದೆ. ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಅಲರ್ಜಿ ಮಾತ್ರೆಗಳು ಅದಕ್ಕೇ ಅಡ್ಡ ನಿಲ್ಲುತ್ತವೆ. ಆಲ್‌ಪ್ರಜೋಲಮ್ ಜಾತಿಯ ನಿದ್ದೆ ಮಾತ್ರೆಗಳು ಮಂಪರನ್ನು ಹಗಲಿಗೂ ಎಳೆದು ತರುತ್ತವೆ. ಮುದುಕರು ಬಚ್ಚಲಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವೂ ಹೆಚ್ಚು. 65 ದಾಟಿದವರಿಗೆ ಆದಷ್ಟು ಕೊಡಬಾರದ ಔಷಧಗಳ ಪಟ್ಟಿಯೊಂದನ್ನು ಅಮೆರಿಕದ ವೃದ್ಧರೋಗ ತಜ್ಞರ ಸಂಘ 2023ರಲ್ಲಿ ಪರಿಷ್ಕರಿಸಿತು. ಇವೆರಡೂ ಅದರಲ್ಲಿವೆ.

ಮೆಟ್‌ಫಾರ್ಮಿನ್ ಬೇಕಾದ ಔಷಧವೇ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಅದೂ, ಗ್ಯಾಸ್ ಮಾತ್ರೆಯೂ ಆಹಾರದ ಬಿ12 ವಿಟಮಿನ್ ದೇಹಕ್ಕೆ ಹತ್ತದಂತೆ ಮಾಡಬಲ್ಲವು. ಮೀನು ಮಾಂಸ ಮುಟ್ಟದ ನಮ್ಮಂಥ ಮನೆಗಳಲ್ಲಿ ಬಿ12 ಮೊದಲೇ ಕಡಿಮೆ, ಹಾಲು ಮಜ್ಜಿಗೆಯಿಂದ ಬರುವಷ್ಟೇ ಗತಿ. ಪಾದ ಜೋಮು, ನಡಿಗೆಯಲ್ಲಿ ತೂರಾಟ, ಮರೆವು ಎಲ್ಲವೂ ಇದರ ಕೊರತೆಯಿಂದ ಬರುತ್ತವೆ. ಬಿ12ರ ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ, ಬೇಗ ಹಿಡಿದರೆ ಬಹುಪಾಲು ಸರಿಹೋಗುತ್ತದೆ. ದೊಡ್ಡಾಯಿಗೆ ಬಿ12 ಇಂಜೆಕ್ಷನ್ ಶುರುವಾಯಿತು, ಅಲರ್ಜಿ ಮಾತ್ರೆ ನಿಂತಿತು, ನಿದ್ದೆ ಮಾತ್ರೆಯನ್ನು ಡಾಕ್ಟರು ನಿಧಾನವಾಗಿ ಇಳಿಸಿದರು. ಹಳೆಯ ದೊಡ್ಡಾಯಿ ಪೂರ್ತಿ ಮರಳಿದರು ಎನ್ನಲಾರೆ. ಆದರೆ ಹಗಲು ಎಚ್ಚರವಾಗಿರುತ್ತಾರೆ, ಅಡಿಕೆ ಕೊನೆ ಕೊಯ್ಲಿನ ಆಳುಗಳ ಲೆಕ್ಕ ಮತ್ತೆ ಅವರ ಬಾಯಲ್ಲೇ ಇದೆ.

ಎಲ್ಲ ಮರೆವೂ ಹೀಗೆ ಬಗೆಹರಿಯುವುದಿಲ್ಲ. ಅಲ್‌ಝೈಮರ್ ನಿಜವಾದ ಕಾಯಿಲೆ. ಅದಕ್ಕೆ ಕೊಡುವ ಡೊನೆಪೆಜಿಲ್ ರೋಗವನ್ನು ನಿಲ್ಲಿಸುವುದಿಲ್ಲ, ಕೆಲವರಲ್ಲಿ ಲಕ್ಷಣಗಳನ್ನು ಸ್ವಲ್ಪ ಕಾಲ ಹಿಡಿದಿಡುತ್ತದೆ, ಅಷ್ಟೇ. ಅದರ ಕೆಲಸ ಆಸೆಟೈಲ್‌ಕೋಲಿನ್ ಉಳಿಸುವುದು. ಅದರಿಂದ ಕೆಲವರಿಗೆ ಮೂತ್ರದ ಅವಸರ ಹೆಚ್ಚುತ್ತದೆ. ಅದಕ್ಕೆಂದು ಇನ್ನೊಬ್ಬ ವೈದ್ಯರು ಆಕ್ಸಿಬ್ಯುಟಿನಿನ್ ಬರೆಯುತ್ತಾರೆ, ಅದು ಅದೇ ಆಸೆಟೈಲ್‌ಕೋಲಿನ್‌ಗೆ ಅಡ್ಡ ನಿಲ್ಲುತ್ತದೆ! ಎರಡಕ್ಕೂ ದುಡ್ಡು ಕೊಟ್ಟು ಒಂದರ ಗುಣವನ್ನು ಇನ್ನೊಂದರಿಂದ ಅಳಿಸುವುದು ಯಾವ ಚಿಕಿತ್ಸೆ?

ಇನ್ನು ನೆನಪಿನ ಕ್ಯಾಪ್ಸೂಲ್‌ಗಳು. ಇಂಥವುಗಳಲ್ಲಿ ಬಳಸುವ ಗಿಂಕ್ಗೊ ಎಂಬ ಮರದ ಎಲೆಯ ಸಾರವನ್ನು ಅಮೆರಿಕದಲ್ಲಿ 75 ದಾಟಿದ 3,069 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ನಿಜವಾದ ಸಾರ, ಉಳಿದವರಿಗೆ ಔಷಧವಿಲ್ಲದ ಸಪ್ಪೆ ಮಾತ್ರೆ. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಡಿಮೆನ್ಶಿಯಾ, ಅಂದರೆ ಅಲ್‌ಝೈಮರ್‌ನಂಥ ಬುದ್ಧಿ ಕುಂದಿಸುವ ಕಾಯಿಲೆಗಳನ್ನು, ತಡೆಯುವ ಗುಣ ಕಾಣಲಿಲ್ಲ. ಮೇಲಾಗಿ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಗಿಂಕ್ಗೊ ರಕ್ತಸ್ರಾವದ ಭಯ ತರುತ್ತದೆ. ಮೀನೆಣ್ಣೆ ಕ್ಯಾಪ್ಸೂಲ್‌ನಿಂದಲೂ ಹಿರಿಯರ ನೆನಪು ಉಳಿಯಲಿಲ್ಲ ಎಂದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿತು. ಬಂಗಡೆ, ತಾರ್ಲೆ ಸಿಗುವ ಕಾರವಾರ, ಅಂಕೋಲಾದಲ್ಲೂ ಆ ಡಬ್ಬಿಗಳನ್ನು ಮಾರುತ್ತಾರೆ ಎಂಬುದೇ ನನಗೆ ಸಂಕಟ. ಒಂದೆಲಗದ ತಂಬುಳಿ ಧಾರಾಳವಾಗಿ ಉಣ್ಣಿ, ನಾನೂ ಉಣ್ಣುತ್ತೇನೆ. ಅದು ಊಟ, ಡಿಮೆನ್ಶಿಯಾದ ಔಷಧವಲ್ಲ. ಕೊರತೆ ಇದ್ದಾಗ ಬಿ12 ಕೊಟ್ಟರೆ ಫಲವುಂಟು. ಕೊರತೆಯಿಲ್ಲದವರಿಗೆ ಸುರಿದರೆ ಬುದ್ಧಿ ಚುರುಕಾಗುವುದಿಲ್ಲ.

ಕ್ಯಾಪ್ಸೂಲಿಗೆ ಹಾಕುವ ಹಣದಲ್ಲಿ ಕಿವಿ ಪರೀಕ್ಷೆ ಮಾಡಿಸಿ, ಬಿಪಿ ನೋಡಿಸಿ. ಡಿಮೆನ್ಶಿಯಾಕ್ಕೆ ದಾರಿಯಾಗುವ, ತಡೆಯಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2024ರ ವರದಿಯಲ್ಲಿ ಕಿವುಡುತನ, ಹೆಚ್ಚಿದ ಬಿಪಿ ಎರಡೂ ಇವೆ.

ಮತ್ತೊಂದು ಮಾತು. ಇದನ್ನು ಓದಿ ಯಾರೂ ಅಮ್ಮನ ನಿದ್ದೆ ಮಾತ್ರೆಯನ್ನು ಇವತ್ತೇ ಕಸಕ್ಕೆ ಎಸೆಯಬೇಡಿ. ಬಹುಕಾಲ ತೆಗೆದುಕೊಂಡದ್ದನ್ನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು, ಎಲ್ಲ ಊರಿನ ಚೀಟಿಗಳ ಸಮೇತ ಒಬ್ಬರೇ ವೈದ್ಯರ ಮುಂದೆ ಸುರಿಯಿರಿ. ಯಾವುದು ಯಾಕೆ, ಇನ್ನೂ ಬೇಕೇ ಎಂದು ಕೇಳಿ. ಸರ್ಕಾರಿ ತಾಲೂಕು ಆಸ್ಪತ್ರೆಗಳಲ್ಲಿ ಹಿರಿಯರ ಮಾತ್ರೆ ಪರಿಶೀಲನೆಗೆಂದೇ ವಾರಕ್ಕೊಂದು ಬೆಳಿಗ್ಗೆ ಮೀಸಲಿಡಲಿ ಎಂಬುದು ನನ್ನ ಬೇಡಿಕೆ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಒಬ್ಬ ವೈದ್ಯರು, ಒಬ್ಬ ಫಾರ್ಮಸಿಸ್ಟ್ ಸಾಕು. ನಮ್ಮ ಶಾಸಕರಿಗೆ ಅರ್ಜಿ ಬರೆಯುತ್ತಿದ್ದೇನೆ, ಸಹಿ ಹಾಕುವವರು ತಿಳಿಸಿ.